ವಾರದ ಮಾತ್ರೆ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳಿಗೆ ನಾನೇ ಎಣ್ಣೆ ಸವರಿ ನೀರೆರೆದೆ. ಎಡಗೈಯಲ್ಲಿ ಇನ್ನೂ ಹರಳೆಣ್ಣೆ, ಕಡಲೆಹಿಟ್ಟಿನ ವಾಸನೆ ಇದೆ. ಬರೆಯುತ್ತಾ ಮತ್ತೆ ಮತ್ತೆ ಮೂಸಿ ನೋಡುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೆ ನನ್ನ ನೋಯುವ ಬೆನ್ನಿನ ಮೇಲೆ ತಪ್ಪು ಹೊರಿಸಬೇಡಿ, ಅದು ಮೊದಲಿಂದಲೂ ಸೊಟ್ಟ.

ಅಜ್ಜಿ ಮಗುವಿಗೆ ಎರೆಯುವುದರಲ್ಲಿ ಏನು ದೊಡ್ಡ ಸುದ್ದಿ ಅನ್ನುತ್ತೀರಿ. ಕೇಳಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗುಬ್ಬಿಯಲ್ಲಿ ತಂಗಿ ಮನೆಗೆ ಹೋಗಿದ್ದಾಗ ನೀರಿನ ಬಿಂದಿಗೆ ಎತ್ತುತ್ತಿದ್ದಂತೆ ಬೆನ್ನಲ್ಲಿ ಛಳಕ್ ಎಂದಿತು. ಉಳುಕು ಎಂದುಕೊಂಡು ಎಣ್ಣೆ ನೀವಿಸಿಕೊಂಡು ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದೆ. ನೋವು ಹೋಗುತ್ತಿತ್ತು, ಬರುತ್ತಿತ್ತು. ಅದೇ ಕಾಲಕ್ಕೆ ನನ್ನ ಲಂಗಗಳೆಲ್ಲ ಉದ್ದವಾಗತೊಡಗಿದವು. ಒಗೆದರೆ ಬಟ್ಟೆ ಕುಗ್ಗುವುದು ಗೊತ್ತು, ಹಿಗ್ಗುವುದು ಎಲ್ಲಿಯದು? ಶಿರಾ ಗೇಟಿನ ಟೈಲರ್‌ನನ್ನು ಬೈದುಕೊಂಡು ಅಂಚು ಮಡಿಸಿ ಹೊಲಿದೆ. ಕುಣಿಗಲ್ ಕಡೆ ಕೊತ್ತಗೆರೆಗೆ ಕೊಟ್ಟಿರುವ ಮಗಳು ಸವಿತ ಬಂದವಳು ನನ್ನನ್ನು ಬಾಗಿಲ ಪಕ್ಕ ನಿಲ್ಲಿಸಿ ನೋಡಿದಳು.

"ಲಂಗ ಉದ್ದ ಆಗಿಲ್ಲ ಕಣಮ್ಮ. ನೀನೇ ಗಿಡ್ಡ ಆಗಿದೀಯ."

ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆಯ ಒಂದು ಮಣಿ ಅದುಮಿದ ಹಾಗೆ ಚಪ್ಪಟೆಯಾಗಿತ್ತು. ಮೂಳೆಯ ಗಟ್ಟಿತನ ಅಳೆಯುವ ಇನ್ನೊಂದು ಪರೀಕ್ಷೆಯಲ್ಲಿ ಮೈನಸ್ ಬಂತು. ನಮ್ಮ ಯಜಮಾನರು ಸಕ್ಕರೆ ಕಾಯಿಲೆಯವರು. ಕಮ್ಮಿ ಬಂದರೆ ಒಳ್ಳೆಯದೇ ಅಲ್ಲವೇ ಎಂದು ಖುಷಿಪಟ್ಟರು. ಅಲ್ಲವಂತೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಒಳಗೊಳಗೇ ಟೊಳ್ಳಾಗುತ್ತದಂತೆ. ನಡೆಯಬೇಕಂತೆ, ಬೀಳಬಾರದಂತೆ, ಬಿಸಿಲಿಗೆ ಹೋಗಬೇಕಂತೆ, ಭಾರ ಎತ್ತಬಾರದಂತೆ, ಬಗ್ಗಬಾರದಂತೆ. ಹಾಗಾದರೆ ಸವಿತಳಿಗೆ ಮಗುವಾದಾಗ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು ಎರೆಯುವವರು ಯಾರು? ಅವಳಿಗೆ ಮದುವೆಯಾಗಿ ಆಗಲೇ ಎಷ್ಟೋ ವರ್ಷವಾಗಿತ್ತು, ದೇವರು ಕಣ್ಣು ಬಿಟ್ಟಿರಲಿಲ್ಲ. ನನ್ನ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು.

ಆ ಯೋಚನೆಯಲ್ಲಿ ಡಾಕ್ಟರಮ್ಮನ ಮಾತು ಅರ್ಧ ಮಾತ್ರ ಕಿವಿಗೆ ಬಿತ್ತು: ವಾರದ ಮಾತ್ರೆ, ಬರೀ ಹೊಟ್ಟೆ, ಮಲಗಬಾರದು. ನಮ್ಮ ಮನೆಯಲ್ಲಿ ವಾರ ಅಂದರೆ ಸೋಮವಾರ, ಮನೆದೇವರ ದಿನ. ಎಷ್ಟು ತಿಳಿದವರು ಈಯಮ್ಮ ಎಂದುಕೊಂಡೆ. ಸೋಮವಾರ ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ಮಾತ್ರೆ ನುಂಗಿ, ಸಂಜೆ ಪೂಜೆಯವರೆಗೂ ಹಾಲು ಕೂಡ ಮುಟ್ಟದೆ ಓಡಾಡಿಕೊಂಡಿರುತ್ತಿದ್ದೆ. ದಾಯಾದಿಗಳ ಮನೆಯ ಸಾವಿನ ಸೂತಕ ಬಂದಾಗ ವಾರ ಮಾಡುವ ಹಾಗಿಲ್ಲವಲ್ಲ, ಮಾತ್ರೆಯನ್ನೂ ಬಿಟ್ಟೆ. ಒಂದು ಸೋಮವಾರ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ಕೂತಿದ್ದಾಗ ಸವಿತ ಬಂದಳು. ವಿಷಯ ತಿಳಿದು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಅವರು ನಗಲಿಲ್ಲ. "ವಾರಕ್ಕೊಂದು ಅಂದ್ರೆ ಏಳು ದಿನಕ್ಕೊಂದ್ಸಲ ಅಮ್ಮ. ದೇವರಿಗಲ್ಲ, ನಿಮ್ ಮೂಳೆಗೆ. ಅರ್ಧ ಗಂಟೆ ಕಳೆದ್ಮೇಲೆ ತಿಂಡಿ ತಿನ್ನಿ. ತಲೆ ತಿರುಗಿ ಬಿದ್ದು ಸೊಂಟ ಮುರ್ಕೊಂಡ್ರೆ ಏನ್ ಮಾಡ್ತೀರಿ?"

ಆಮೇಲೆ ಮಾತ್ರೆ, ಹಾಲು, ಬಿಸಿಲು, ನಡಿಗೆ ಎಂದು ವರ್ಷಗಳು ಹೋದವು. ಕೊನೆಗೂ ಸವಿತ ಬಸುರಿಯಾದಾಗ ನಾನು ಮೊದಲು ಓಡಿದ್ದು ದೇವಸ್ಥಾನಕ್ಕಲ್ಲ, ಡಾಕ್ಟರಮ್ಮನ ಹತ್ತಿರ. ಮೂಳೆ ಪರವಾಗಿಲ್ಲ ಎಂದರು. ಆದರೆ ನೆಲದಲ್ಲಿ ಕೂತು ಬಗ್ಗುವುದು ಬೇಡ, ಮೇಜಿನ ಮೇಲೆ ಟಬ್ ಇಟ್ಟು ನಿಂತೇ ಎರೆಯಿರಿ, ಮಗುವನ್ನು ಬೇರೆಯವರು ಎತ್ತಿ ಕೊಡಲಿ ಎಂದರು. ನಿಂತು ಎರೆದರೆ ಅದು ಎರೆದ ಹಾಗೋ, ಪಾತ್ರೆ ತೊಳೆದ ಹಾಗೋ? ನನಗೆ ಈಗಲೂ ಗೊಂದಲ.

ಹೆಣ್ಣು ಮಗು ಹುಟ್ಟಿತು. ಇವತ್ತು ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆಯುವ ದಿನ. ಕೊತ್ತಗೆರೆಯಿಂದ ಬಂದ ಬೀಗಿತ್ತಿ, ಸವಿತಳ ಅತ್ತೆ, ನಾನು ಮೇಜಿನ ಮುಂದೆ ನಿಂತು ಎರೆಯುವುದನ್ನು ಬಾಗಿಲಿಂದಲೇ ತುಟಿ ಬಿಗಿದುಕೊಂಡು ನೋಡಿದರು. ಮಗುವಿಗೆ ಮಾತ್ರ ವ್ಯತ್ಯಾಸವೇ ತಿಳಿಯಲಿಲ್ಲ. ಬೆಚ್ಚನೆಯ ನೀರು ಬಿದ್ದೊಡನೆ ಬಾಯಿ ಚಪ್ಪರಿಸಿ ಸುಮ್ಮನಾಯಿತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅವರೆಲ್ಲ ನೆಲದ ಮೇಲೆ, ನಾನೊಬ್ಬಳು ಕುರ್ಚಿಯಲ್ಲಿ. ಬೀಗರ ಮುಂದೆ ಎತ್ತರದಲ್ಲಿ ಕೂತು ತಿನ್ನಲು ನಾಚಿಕೆಯಾಗಿ ಅನ್ನ ಕೆದಕುತ್ತಿದ್ದೆ. ಪಾಯಸ ಬರುವ ಹೊತ್ತಿಗೆ ಬೀಗಿತ್ತಿ ತಲೆಯೆತ್ತಿದರು.

"ಅಕ್ಕ, ನಾಳೆಯಿಂದ ನೀರು ಕಾಯ್ಸಿ ಕೂಸು ಎತ್ಕೊಡೋದು ನಂದು. ಎರೆಯೋದು ನೀವೇ. ಕೂಸು ನಿಮ್ ಕೈಗೆ ಒಗ್ಗೈತೆ."

ಹೂಂ ಎಂದೆ. ಸವಿತ ನನ್ನ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು. ಬೇಡ ಅನ್ನಲಿಲ್ಲ.