ತಾವಾಗಿಯೇ ಬೀಳುವವರು

ರಾಯಚೂರಿನ ಹತ್ತಿ ಮಿಲ್ಲೊಂದರ ಹಳೇ ಗೋದಾಮಿನಲ್ಲಿ ಸಂಜೆ ನಡೆಯುವ ಜೂಡೋ ಕ್ಲಾಸಿಗೆ ಸೇರಿದಾಗ ನನಗೆ ನಲವತ್ತೊಂದು. ಪೋತ್ನಾಳದ ಶಾಲೆಯಲ್ಲಿ ದಿನವಿಡೀ ಕೂಗಿ, ಬಸ್ಸಿನಲ್ಲಿ ನಿಂತೇ ಬಂದು, ಬಟ್ಟೆ ಬದಲಿಸಿ ಚಾಪೆಯ ಮೇಲೆ ನಿಲ್ಲುವ ಹೊತ್ತಿಗೆ ಮೈ ಒಲ್ಲೆ ಎನ್ನುತ್ತಿತ್ತು. ಆದರೂ ಹೋಗುತ್ತಿದ್ದೆ. ಹಸಿರು ಬೆಲ್ಟ್ ಪರೀಕ್ಷೆ ಪಾಸಾದರೆ ನಮ್ಮ ಶಾಲೆಯ ಹುಡುಗಿಯರಿಗೆ ನೀವೇ ಕಲಿಸಿ ಎಂದು ಹೆಡ್‌ಮಾಸ್ಟರು ಮಾತು ಕೊಟ್ಟಿದ್ದರು. ನನಗೆ ಬೇಕಿದ್ದದ್ದು ಅದೊಂದೇ.

ಕ್ಲಾಸಿನಲ್ಲಿ ಹನ್ನೊಂದು ಗಂಡಸರು, ನಾನೊಬ್ಬಳು. ಕೆಟ್ಟವರು ಒಬ್ಬರೂ ಇರಲಿಲ್ಲ, ಅದೇ ತಾಪತ್ರಯ. ನನ್ನ ಜೋಡಿ ಅಕ್ಕಿ ಗಿರಣಿಯ ಹಮಾಲ, ಇಪ್ಪತ್ತಾರರ ಗಟ್ಟಿ ಆಳು. ಉಳಿದವರ ಕೊರಳಪಟ್ಟಿಗೆ ಕೈ ಹಾಕಿ ಜಗ್ಗಾಡುವವನು ನನ್ನೆದುರು ಬಂದರೆ ಅಂಗೈ ಒರೆಸಿಕೊಂಡು, "ಮಾಫ್ ಮಾಡ್ರಿ ಅಕ್ಕಾ" ಎಂದು ನನ್ನ ತೋಳಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿಯುತ್ತಿದ್ದ, ಹಂಚಿನ ಮೇಲಿನ ರೊಟ್ಟಿ ಹಿಡಿದಂತೆ. ಕಾಲು ಕೊಟ್ಟು ಕೆಡವುವ ಪಟ್ಟು ಬಂದರಂತೂ ಮುಗಿಯಿತು. ಅವನ ಪಾದ ನನಗೆ ತಗುಲಿತೆಂದರೆ ಪಟ್ಟು ಬಿಟ್ಟು, ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

"ಲೇ, ಇದು ಜೂಡೋನೋ, ಗುಡಿನೋ?" ಎಂದು ರೇಗುತ್ತಿದ್ದೆ.

"ಹಿರೇರಿಗೆ ಕಾಲು ತಾಗಿಸಬಾರ್ದ್ರೀ ಅಕ್ಕಾ" ಎನ್ನುತ್ತಿದ್ದ.

ನಾನು ಕೆಡವುವ ಸರದಿ ಬಂದರೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಅವನು ಧೊಪ್ಪನೆ ಬೀಳುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎರಡು ವರ್ಷ ಆ ಚಪ್ಪಾಳೆಯನ್ನು ನಂಬಿದೆ. ನಂಬಲು ಹಿತವಾಗಿಯೂ ಇತ್ತು, ಸುಳ್ಳೇಕೆ ಹೇಳಲಿ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವನು ಬಿದ್ದದ್ದನ್ನು ಒಮ್ಮೆ ನೋಡಿದರು. "ಮೇಡಂ, ಇಂವ ತಾನ ಜಿಗದು ಬಿದ್ದಾನ್ರೀ. ನೀವೇನು ಕೆಡವಿಲ್ಲ" ಎಂದು ಅವನನ್ನು ಪಕ್ಕಕ್ಕೆ ಕೂರಿಸಿ, ಪರೀಕ್ಷೆಗೆಂದು ದೇವದುರ್ಗದಿಂದ ಬಂದಿದ್ದ ತರಕಾರಿ ವ್ಯಾಪಾರಿಯೊಬ್ಬನನ್ನು ನಿಲ್ಲಿಸಿದರು. ನನಗಿಂತ ಗಿಡ್ಡ ಮನುಷ್ಯ. ಸಂಕೋಚವಿಲ್ಲದೆ ನನ್ನ ಕೊರಳಪಟ್ಟಿ ಹಿಡಿದು ಸುಮ್ಮನೆ ನಿಂತ. ಮೂರು ಸಲ ಸೊಂಟ ತಿರುಗಿಸಿ ಎಳೆದೆ. ಅವನು ಕದಲಲಿಲ್ಲ. ನಾನು ಫೇಲಾದೆ.

"ಅಂವ ಬೇಕಂತನ ಗಟ್ಟಿ ನಿಂತಾನ್ರೀ" ಎಂದು ನನ್ನ ಹಮಾಲ ಅಲವತ್ತುಕೊಂಡ. ನಿಲ್ಲುವುದೇ ಅವನ ಕೆಲಸವಪ್ಪಾ ಎಂದುಕೊಳ್ಳುತ್ತ ಬೆಲ್ಟ್ ಬಿಚ್ಚಿದೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಶಾಲೆಯ ಹುಡುಗಿಯರ ಕೈ ಹಿಡಿದು ಎಳೆಯುವವನು ಮೊದಲು ಮಾಫಿ ಕೇಳುತ್ತಾನೆಯೇ? ಅವರಿಗೆ ನಾನು ಏನು ಕಲಿಸಲು ಹೊರಟಿದ್ದೆ ಎಂದು ನೆನೆದು ಹೆದರಿಕೆಯಾಯಿತು.

ಮುಂದಿನ ಸೋಮವಾರ ಹಮಾಲನಿಗೆ ಹೇಳಿದೆ: "ಇವತ್ತು ಬೀಳಬ್ಯಾಡ. ಕಾಲರ್ ಹಿಡಿ, ಗಟ್ಟಿ ನಿಂದರು."

ಅಂಗೈ ಒರೆಸಿಕೊಂಡು ಹಿಡಿದ. ಎಳೆದೆ, ಬಗ್ಗಿದೆ, ತಿರುಗಿದೆ. ನನ್ನ ಅಂಗಿಯ ಹೊಲಿಗೆ ಬಿಚ್ಚಿತು. ಉಳಿದವರು ತಮ್ಮ ಅಭ್ಯಾಸ ನಿಲ್ಲಿಸಿ ನೋಡತೊಡಗಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮತ್ತೆ ಎಳೆದೆ. ನನ್ನ ಅವಸ್ಥೆ ನೋಡಲಾಗದೆ ಅವನು ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ:

"ಅಕ್ಕಾ, ಬೀಳ್ಲೇನ್ರೀ?"

ಅವನಿಗೆ ಬೈಯಬೇಕಿತ್ತು. ಆದರೆ ಎಷ್ಟು ದಣಿದಿದ್ದೆನೆಂದರೆ, ಹೂಂ ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು.