ಹರಿಹರಕ್ಕೆ ಹೋದ ಹೊಗೆ

ದಾವಣಗೆರೆಯ ಗಾಳಿ ಶುದ್ಧವಾಯಿತೆಂದು ಸನ್ಮಾನ ಸಮಾರಂಭ ಇಟ್ಟುಕೊಂಡಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳಾದ್ದರಿಂದ ನನಗೂ ಕರೆ ಬಂತು. ನಮ್ಮವ್ವ ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳು ಹಾಕಿ ಅಕ್ಕಿ ಹುರಿಯುವ ಕೆಲಸದವಳು ಎಂಬುದು ಕರೆದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕರೆಯುತ್ತಿರಲಿಲ್ಲ.

ಭಟ್ಟಿಯ ಹೊಗೆಯನ್ನು ನಾನೇನೂ ಹೊಗಳುವವಳಲ್ಲ. ಭತ್ತದ ಹೊಟ್ಟು ಸಾಲದಾದರೆ ಹಳೇ ಟೈರು ಉರಿಸುತ್ತಿದ್ದರು. ಒಣಹಾಕಿದ ಬಟ್ಟೆ ಕಪ್ಪಾಗುತ್ತಿತ್ತು. ಅವ್ವನ ಕೆಮ್ಮು ಶುರುವಾದದ್ದೂ ಅಲ್ಲೇ. ಭಟ್ಟಿ ಮುಚ್ಚಿ ಗ್ಯಾಸ್ ಮಿಷಿನ್ ಹಾಕಿ ಎಂದು ಆದೇಶ ಬಂದಾಗ ನಾನು ಖುಷಿಪಟ್ಟೆ, ಅವ್ವ ಪಡಲಿಲ್ಲ.

"ಮಿಷಿನ್ನು ಸಾವುಕಾರ್ರಿಗೆ ಬರ್ತೈತೆ. ನಂಗೇನು ಬರ್ತೈತೆ?" ಎಂದಳು.

ಏನೂ ಬರಲಿಲ್ಲ. ಸಹಾಯಧನದ ಮಿಷಿನ್ನಿಗೆ ಇಬ್ಬರು ಸಾಕಾಯಿತು. ಉಳಿದ ಹೆಂಗಸರು ಏನು ಮಾಡಬೇಕೆಂಬುದಕ್ಕೆ ಆದೇಶದಲ್ಲಿ ಒಂದು ಸಾಲೂ ಇರಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಷ್ಟರಲ್ಲಿ ಗ್ಯಾಸಿನ ಮಂಡಕ್ಕಿ ಒಗ್ಗರಣೆ ಬಿದ್ದ ಕೂಡಲೇ ಮೆತ್ತಗಾಗುತ್ತದೆ ಎಂದು ಅಂಗಡಿಯವರು ತಕರಾರು ತೆಗೆದರು. ಸಾಹುಕಾರರು ಜಾಣರು. ನೋಡಲು ಬಂದವರಿಗೆ ತೋರಿಸಲೆಂದು ಮಿಷಿನ್ ಇಲ್ಲೇ ಇಟ್ಟುಕೊಂಡು, ಹರಿಹರದಾಚೆ ಹೊಲವೊಂದರಲ್ಲಿ ಹಳೇ ನಮೂನೆಯ ಭಟ್ಟಿ ಕಟ್ಟಿಸಿದರು. ಈಗ ಅವ್ವ ಬೆಳಿಗ್ಗೆದ್ದು ಅಲ್ಲಿಗೆ ಹೋಗುತ್ತಾಳೆ. ಸರ್ಕಾರಿ ಬಸ್ಸು ಸಿಕ್ಕರೆ ಪುಕ್ಕಟೆ, ಅಷ್ಟೇ ಪುಣ್ಯ. ಅದೇ ಟೈರು, ಅದೇ ಕೆಮ್ಮು.

ಸಮಾರಂಭದಲ್ಲಿ ಸಾಹುಕಾರರಿಗೆ ಶಾಲು ಹೊದಿಸಿದರು. ಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಅಧಿಕಾರಿಯೊಬ್ಬರು ಭಾಷಣ ಮಾಡಿದರು. ಗಾಳಿಗಿಲ್ಲ, ನಿಜ. ಭಟ್ಟಿ ಯಾರ ಮೂಗಿನ ಕೆಳಗಿರಬೇಕೆಂದು ತೀರ್ಮಾನಿಸುವವರಿಗೆ ಇದೆ.

ಭಾಷಣ ಮುಗಿದ ಮೇಲೆ ಖಾರಾ ಮಂಡಕ್ಕಿ, ಮಿರ್ಚಿ ಬಂತು. ಅಧಿಕಾರಿ ಬಾಯಿತುಂಬ ಹೊಗಳಿದರು. ಸಾಹುಕಾರರು ಉಬ್ಬಿಹೋದರು.

"ಇದು ಮಿಷಿನ್ದಲ್ರೀ ಸಾಹೇಬ್ರೆ, ಹರಿಹರದ ಭಟ್ಟಿದು. ಇದ್ರ ರುಚೀನೇ ಬ್ಯಾರೆ."

ಅಧಿಕಾರಿ ನಕ್ಕು ಇನ್ನೊಂದು ಪ್ಲೇಟು ತರಿಸಿಕೊಂಡರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. "ಆ ಭಟ್ಟಿ ಮುಂದೆ ನಮ್ಮವ್ವ ಕೆಮ್ಮಿಕೊಂತ ಕುಂತಾಳ್ರಿ. ಅವಳಿಗೆ ಯಾವಾಗ ಶಾಲು ಹೊದಿಸ್ತೀರಿ?"

"ಕೂಡ್ರಿ ಮೇಡಂ. ಮೊದ್ಲು ತಿನ್ರಿ, ಆಮೇಲೆ ಮಾತಾಡೋಣ," ಎಂದರು ಅಧಿಕಾರಿ. ಪ್ಲೇಟನ್ನು ಮುಟ್ಟದೆ ಅಲ್ಲೇ ಬಿಟ್ಟು ಹೊರಗೆ ಬಂದೆ. ಮನೆ ಮುಟ್ಟುವತನಕ ನನ್ನ ಬಗ್ಗೆ ನನಗೇ ಹೆಮ್ಮೆ.

ಸಂಜೆ ಅವ್ವ ಬಂದು ಕಾಲು ತೊಳೆದವಳೇ ಕೇಳಿದಳು: "ಸಭೆ ಮಂಡಕ್ಕಿ ಹೆಂಗಿತ್ತು? ಸಾವುಕಾರ್ರು ನನ್ನ ಕೈಲೇ ಹುರಿಸಿದ್ರು."

"ನಾ ತಿನ್ನಲಿಲ್ಲವ್ವ. ಅವರ ಮುಂದೆ ಬಿಟ್ಟು ಬಂದೆ."

ಅವ್ವ ಕೆಮ್ಮು ನಿಲ್ಲುವವರೆಗೆ ಗೋಡೆ ಹಿಡಿದು ನಿಂತಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅವರೆಲ್ಲಾ ತಿಂದ್ರು, ನೀನೊಬ್ಳು ಬಿಟ್ಟು ಬಂದಿ. ನೀ ತಿಂತೀಯಂತ ಒಂದು ಹಳಕು ಮರಳು ಇಲ್ದಂಗೆ ಎರಡೆರಡು ಸಲ ಜರಡಿ ಹಿಡಿದಿದ್ದೆ."