ಎದುರುಮನೆ ಮೇಷ್ಟ್ರ ದೊಡ್ಡ ಪದ

ಇಂದು ಬೆಳಗಿನ ಪೂಜೆಯಲ್ಲಿ ಮಂಗಳಾರತಿ ಎತ್ತುವ ಹೊತ್ತಿಗೆ ಪಕ್ಕದ ಮನೆಯಿಂದ ತುಪ್ಪ ಸವರಿದ ಹೋಳಿಗೆಯ ಪರಿಮಳ ತೇಲಿಬಂತು. ದೇವರ ಮುಂದೆ ನಿಂತು ಬೇರೊಬ್ಬರನ್ನು ನೆನೆಯುವುದು ಸಲ್ಲದು; ಆದರೂ ನೆನೆದೆ. ನ್ಯಾಮತಿಯ ನಮ್ಮ ಬೀದಿಯಲ್ಲಿ, ಎದುರುಮನೆಯಲ್ಲಿದ್ದ ಚರಿತ್ರೆಯ ಮೇಷ್ಟ್ರು...

ಅವರಿಗೆ ಪ್ರಾಣಪ್ರಿಯವಾದ ಪದವೊಂದಿತ್ತು: ಅಂತರ್‌ಸಾಂಸ್ಕೃತಿಕ. ಯಾವುದೋ ತರಬೇತಿ ಶಿಬಿರದಿಂದ ಅದನ್ನು ಪ್ರಸಾದದಂತೆ ತಂದು ಬೀದಿಗೆಲ್ಲ ಹಂಚಿದ್ದರು. "ಎರಡು ಕಡೆಯ ನಡಾವಳಿನ ಪಕ್ಕಪಕ್ಕ ಇಟ್ಟು ನೋಡೋದು ಕಣ್ರೀ ಪಂಡಿತರೇ. ಒಬ್ಬರ ಸೇರಿನಾಗೆ ಇನ್ನೊಬ್ಬರನ್ನ ಅಳೀಬಾರದು, ಅಷ್ಟೇ" ಎಂದು ನನಗೂ ಬೋಧಿಸಿದ್ದರು. ಚನ್ನಗಿರಿಯ ಸಾರಿಗೂ ಹೊನ್ನಾಳಿಯ ಸಾರಿಗೂ ಇರುವ ಭೇದ, ಸೂರಗೊಂಡನಕೊಪ್ಪಕ್ಕೆ ಹೋಗುವ ಯಾತ್ರಿಕರು ರುಮಾಲು ಸುತ್ತುವ ಬಗೆ, ನನ್ನ ಹಣೆಯ ಗಂಧ, ಬಳೆಯಂಗಡಿಯ ಸಾಹೇಬರ ಅತ್ತರು... ಎಲ್ಲವೂ ಅವರ ಪಾಲಿಗೆ ಅಂತರ್‌ಸಾಂಸ್ಕೃತಿಕವೇ.

ಅವರ ಮಗಳನ್ನು ನೋಡಲು ಜಗಳೂರು ಕಡೆಯ ಬಿಳಿಚೋಡಿನಿಂದ ಗಂಡಿನವರು ಬಂದರು. ಹುಡುಗ ಹುಡುಗಿ ಮೊದಲೇ ಪರಸ್ಪರ ಒಪ್ಪಿದ್ದರು. ಹಿರಿಯರು ಹೂಂ ಎನ್ನುವುದಷ್ಟೇ ಬಾಕಿ. ಊಟಕ್ಕೆ ಎಲೆ ಹಾಕಿದರು. ಅತಿಥಿ ಎಲೆಗೆ ಅಡ್ಡ ಕೈ ಹಿಡಿದು 'ಸಾಕು' ಎನ್ನುವವರೆಗೆ ಬಡಿಸುತ್ತಲೇ ಇರಬೇಕೆಂಬುದು ಮೇಷ್ಟ್ರ ಮನೆಯ ಸಂಪ್ರದಾಯ. ಗಂಡಿನ ತಂದೆಯ ಮನೆಯಲ್ಲೋ, ಎಲೆಗೆ ಬಂದ ಅನ್ನಕ್ಕೆ 'ಸಾಕು' ಎನ್ನುವುದು ಮಹಾಪಾಪ. ಇವರು ಬಡಿಸಿದರು, ಅವರು ಉಂಡರು. ಮತ್ತೆ ಬಡಿಸಿದರು, ಬೆವರೊರೆಸಿಕೊಂಡು ಮತ್ತೆ ಉಂಡರು...

ಮೇಷ್ಟ್ರು ಹೋಳಿಗೆಯ ಬುಟ್ಟಿ ಹಿಡಿದು ಅಡುಗೆಮನೆಗೆ ಬಂದವರೇ, ಬಡಿಸಲು ನೆರವಾಗುತ್ತಿದ್ದ ನನ್ನ ಕಿವಿಯಲ್ಲಿ, "ಇದೇನ್ರೀ ಪಂಡಿತರೇ, ಇವರಿಗೆ ಹೊಟ್ಟೆ ಐತೋ ಕಾಳು ತುಂಬೋ ಹಗೇವು ಐತೋ? ಇಂಥ ಮನೆಗೆ ಮಗಳನ್ನ ಕೊಟ್ರೆ ಒಲೆ ಮುಂದೇನೇ ಸವದು ಹೋಗ್ತಾಳೆ. ಈ ಸಂಬಂಧ ಬ್ಯಾಡ" ಎಂದರು. ಅತ್ತ ಗಂಡಿನ ತಂದೆ ಪತ್ನಿಯತ್ತ ವಾಲಿ, "ಇವ್ರು ನಮ್ಮನ್ನ ಕೊಲ್ಲಾಕೆ ಕರೆಸ್ಯಾರೇನೇ? ಏಳು, ಊರಿಗೆ ಹೋಗಾನ" ಎಂದು ನರಳಿದರು.

ನಡುವೆ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಎರಡೂ ಮಾತು ಕೇಳಿಸಿದವು. ತಂದೆಯ ಕೈಯಿಂದ ಬುಟ್ಟಿ ಕಿತ್ತುಕೊಂಡಳು.

"ಅಪ್ಪಾಜಿ, ದಿನಾ ಹೇಳ್ತೀರಲ್ಲ ಆ ಪದ, ಅದು ಈಗ ಎಲೆ ಮುಂದೆ ಕುಂತು ಬೆವರ್ತಾ ಐತೆ. ಸ್ವಲ್ಪ ಹೋಗಿ ಮಾತಾಡಿಸ್ರಿ."

ಮೇಷ್ಟ್ರು ನಿಧಾನವಾಗಿ ಹೋಗಿ ಅತಿಥಿಯ ಎದುರು ಕುಳಿತು, "ನಿಮ್ಮ ಕಡೆ ಸಾಕು ಅನ್ನಾಕಿಲ್ವೇನ್ರೀ?" ಎಂದರು.

"ಅನ್ನಕ್ಕೆ ಹೆಂಗ್ರೀ ಸಾಕು ಅನ್ನಾದು? ನಿಮ್ಮ ಕಡೆ ಬಡ್ಸೋರಿಗೆ ಕಣ್ಣಿರಾಕಿಲ್ವೇನು?"

ಮೊದಲು ನಕ್ಕವರು ಗಂಡಿನ ತಾಯಿ. ಆ ನಗೆಯಲ್ಲೇ ಸಂಬಂಧ ಕುದುರಿತು. ಹೊಸ ಬೀಗರಿಗೆ ಮಾತ್ರ ಏಳಲಾಗದೆ ಸಂಜೆಯ ಬಸ್ಸಿನವರೆಗೆ ಜಗಲಿಯ ಮೇಲೆ ಮಲಗಬೇಕಾಯಿತು. ಮೇಷ್ಟ್ರು ಪಕ್ಕದಲ್ಲೇ ಕುಳಿತು ಆ ಪದದ ಅರ್ಥ, ವ್ಯಾಪ್ತಿ, ಪ್ರಯೋಗಗಳನ್ನು ಸಾವಕಾಶವಾಗಿ ವಿವರಿಸಿದರು. ಪಾಪ, ಓಡಿಹೋಗುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಅಂದಿನಿಂದ ಇಬ್ಬರೂ ಕೂಡಿದಾಗಲೆಲ್ಲ ವಾದವೇ. ರೊಟ್ಟಿ ಬಡಿಯುವುದರಿಂದ ಹಿಡಿದು ಹಿರಿಯರಿಗೆ ನಮಸ್ಕರಿಸುವವರೆಗೆ ಯಾರ ಊರಿನ ರೀತಿ ಹೇಗೆಂದು ಕೂಗಾಡಿ, ಬೀದಿಯವರನ್ನೆಲ್ಲ ಬಾಗಿಲಿಗೆ ಕರೆಸುತ್ತಿದ್ದರು. ಭಗವಂತ ಅವರಿಬ್ಬರನ್ನು ಅದಕ್ಕೆಂದೇ ಕೂಡಿಸಿದ್ದನೆಂದು ತೋರುತ್ತಿತ್ತು.

ಮೇಷ್ಟ್ರು ಶಿವಸಾಯುಜ್ಯ ಹೊಂದಿ ಒಂದು ವರ್ಷವಾಗುತ್ತ ಬಂತು. ಬೀಗರು ಈಗಲೂ ಬರುತ್ತಾರೆ. ಎದುರುಮನೆಯಲ್ಲಿ ಬೀಗಿತಿಯನ್ನು ಮಾತಾಡಿಸಿ, ನನ್ನ ಜಗಲಿಗೆ ಬಂದು ಕೂರುತ್ತಾರೆ. ಸಾಧು ಮನುಷ್ಯರು. ನಾನು ಏನು ಹೇಳಿದರೂ "ಖರೇ ಐತ್ರೀ" ಎನ್ನುತ್ತಾರೆ. ಅವರು ಹೇಳಿದ್ದಕ್ಕೆ ನಾನೂ ತಲೆದೂಗುತ್ತೇನೆ. ಸ್ವಲ್ಪ ಹೊತ್ತಿಗೆ ಮಾತು ಮುಗಿದುಬಿಡುತ್ತದೆ...